ಕಲ್ಯಾಣಮ್ಮನ ಹಿತ್ತಿಲಿಗೆ ಗಂಗೆ ಬಂದದ್ದು

ಕಲ್ಯಾಣಮ್ಮ ಯಾರ ಮನೆಗೆ ಹೋದರೂ ನೀರು ಕುಡಿಯುತ್ತಿರಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆದರೆ ಬರುತ್ತಿದ್ದಳು, ತಾಂಬೂಲ ತೆಗೆದುಕೊಳ್ಳುತ್ತಿದ್ದಳು, ಪಾನಕದ ಲೋಟ ಮುಂದಿಟ್ಟರೆ ಮಾತ್ರ ಕೈಮುಗಿದುಬಿಡುತ್ತಿದ್ದಳು. ರಾಜಾಜಿನಗರದ ನಮ್ಮ ಬೀದಿಯ ಹೆಂಗಸರು ಅದನ್ನು ಮಡಿ ಎಂದುಕೊಂಡಿದ್ದರು. ಕೆಲವರು ಮೆಚ್ಚಿದರು. ಕೆಲವರು "ನಮ್ಮನೆ ನೀರು ಇವಳಿಗೆ ಮೈಲಿಗೆಯೇನೋ" ಎಂದು ಮೂತಿ ತಿರುವಿದರು. ನಿಜ ಏನೆಂದು ಆಕೆ ನನಗೆ ಹೇಳಿದ್ದು ಪರಿಚಯವಾಗಿ ಬಹಳ ದಿನವಾದ ಮೇಲೆ, ನಮ್ಮ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದಾಗ. ನೀರು ಕುಡಿದರೆ ಹೊರಗೆ ಹೋಗಬೇಕಾಗುತ್ತದೆ. ಹೋಗುವುದಕ್ಕೆ ಜಾಗವಿಲ್ಲ. ಅಷ್ಟೇ.

ಆಕೆ ಮದುವೆಯಾಗಿ ಬಂದದ್ದು ಚಾಮರಾಜಪೇಟೆಯ ಒಂದು ವಠಾರಕ್ಕೆ. ಅಲ್ಲಿ ಅಷ್ಟೂ ಸಂಸಾರಗಳಿಗೆ ಹಿಂದಿನ ಓಣಿಯಲ್ಲಿ ಒಂದೇ ಕಕ್ಕಸು. ನಾತ ಹೊಡೆಯುತ್ತಿತ್ತು, ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಆದರೂ ಇತ್ತು. ಗಂಡ ಚಕ್ರಪಾಣಿಯವರಿಗೆ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತಿಕೆ. ಹೊಸ ಬಡಾವಣೆಯಲ್ಲಿ ಸೈಟು ಸಿಕ್ಕಿತು, ಎರಡು ಕೋಣೆ, ಒಂದು ಅಡುಗೆಮನೆ, ಹೊರಗೊಂದು ಬಚ್ಚಲು ಎದ್ದವು. ಕಕ್ಕಸು ಮಾತ್ರ ಬೇಡವೆಂದವರು ಚಕ್ರಪಾಣಿಯವರ ತಾಯಿ ಕಮಲಾಕ್ಷಮ್ಮನವರು. ದಿನಾ ಬೆಳಗ್ಗೆ ಮಲ ಬಾಚುವುದಕ್ಕೆ ಯಾರೋ ಹಿತ್ತಿಲೊಳಗೆ ಬರುವುದು ಅವರಿಗೆ ಆಗದ ಮಾತು. ಕೊನೆಯ ಸಾಲು ಮನೆಗಳಾಚೆ ಬೇಕಾದಷ್ಟು ಬಯಲಿತ್ತು, ಆಳೆತ್ತರ ಲಂಟಾನದ ಮೆಳೆಯಿತ್ತು. ನಾವೆಲ್ಲ ಬೆಳಕು ಹರಿಯುವ ಮುಂಚೆ ಚೊಂಬು ಹಿಡಿದು ಗುಂಪಾಗಿ ಹೋಗಿಬರುತ್ತಿದ್ದೆವು. ನಮ್ಮ ಮನೆಯಲ್ಲೂ ಆಗ ಕಕ್ಕಸಿರಲಿಲ್ಲ. ಆದರೆ ನನ್ನ ಮೈ ಗಟ್ಟಿಯಿತ್ತು.

ಕಲ್ಯಾಣಮ್ಮನದು ಗಟ್ಟಿಯಿರಲಿಲ್ಲ. ಹೆರಿಗೆ ಬಹಳ ಕಷ್ಟವಾಗಿ ಮಗು ಉಳಿಯಲಿಲ್ಲ. ಮಗುವೇ ಇಲ್ಲದ ಮೇಲೆ ಬಾಣಂತನವೇನು ಎಂದುಕೊಂಡು ಬೇಗ ಎದ್ದು ಹಂಡೆಗೆ ನೀರು ಹೊತ್ತಳು. ಗರ್ಭಕೋಶ ಕೆಳಗೆ ಜಾರಿತು. ಅಂದಿನಿಂದ ಆಕೆಗೆ ತಡೆದುಕೊಳ್ಳುವ ಶಕ್ತಿ ಹೋಯಿತು. ಕೆಮ್ಮಿದರೆ ಸೀರೆ ಒದ್ದೆಯಾಗುತ್ತಿತ್ತು. ಬೆಳಗಿನ ಜಾವ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ನಡುವಿನ ಹೊತ್ತನ್ನು ಬಾಯಿ ಒಣಗಿಸಿಕೊಂಡು ಕಳೆಯುತ್ತಿದ್ದಳು. ಒಂದು ಹಿಡಿ ಅನ್ನ, ಸಾರು ಇಲ್ಲದೆ. ನೀರು ಗಂಟಲು ನೆನೆಯುವಷ್ಟು.

ಆಮೇಲೆ ಬಯಲಿನಲ್ಲೂ ಮನೆಗಳು ಏಳತೊಡಗಿದವು. ಮೆಳೆ ಕಡಿದರು. ಗಾರೆ ಕೆಲಸದವರು ಅಲ್ಲೇ ಗುಡಿಸಲು ಹಾಕಿಕೊಂಡರು. ಒಂದು ಮಧ್ಯಾಹ್ನ ಕಲ್ಯಾಣಮ್ಮನಿಗೆ ಹೊಟ್ಟೆ ಕೆಟ್ಟು, ಕತ್ತಲಾಗುವವರೆಗೆ ತಡೆಯಲಾಗದೆ, ಒಬ್ಬಳೇ ಓಡಿದಳು. ಮೆಳೆಯಿದ್ದ ಕಡೆ ಇಟ್ಟಿಗೆ ರಾಶಿಯಿತ್ತು, ಅದರ ಮೇಲೆ ಗಂಡಸರು ಕೂತು ಬೀಡಿ ಸೇದುತ್ತಿದ್ದರು. ಆಕೆ ಅಲ್ಲಿಂದ ತಿರುಗಿದಳು, ಆದರೆ ಮನೆ ಮುಟ್ಟುವ ಮುಂಚೆಯೇ ಸೀರೆ ಹಾಳಾಯಿತು. ಹಿಂದಿನಿಂದ ಯಾರೋ ನಕ್ಕರಂತೆ. ನಕ್ಕದ್ದು ಗಾರೆಯವರೋ, ಬೀದಿಯ ಹುಡುಗರೋ, ಆಕೆ ನೋಡಲಿಲ್ಲ. ಆ ಸಂಜೆ ಗಂಡನನ್ನು, ಮದುವೆಯಾದಂದಿನಿಂದ ಏನೂ ಕೇಳದಿದ್ದವಳು, ಬಾಯಿಬಿಟ್ಟು ಕೇಳಿದಳು.

"ನಂಗೊಂದು ಕಕ್ಕಸು ಕಟ್ಟಿಸಿಕೊಡಿ. ಒಡವೆ ಬೇಡ, ಸೀರೆ ಬೇಡ, ಇನ್ನೇನೂ ಬೇಡ."

ಚಕ್ರಪಾಣಿಯವರು ಕೆಟ್ಟವರಲ್ಲ. ಕೇಳಿದ್ದನ್ನು ಇಲ್ಲವೆನ್ನುವವರೂ ಅಲ್ಲ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹೊಸ ಮಾದರಿಯದು ಬಂದಿದೆ ಎಂದು ಕೇಳಿ ಹೋಗಿ ನೋಡಿಬಂದರು. ಅದನ್ನು ತಾಯಿಗೆ ವಿವರಿಸಿದ ದಿನ ನಾನು ಅಲ್ಲೇ ಇದ್ದೆ, ಹೆಪ್ಪಿಗೆ ಮಜ್ಜಿಗೆ ಕೇಳಲು ಹೋಗಿದ್ದೆ.

"ಉಣ್ಣೋ ಮನೇಲೇ ಅದೂ ಆಗಬೇಕೇನೋ?" ಎಂದರು ಕಮಲಾಕ್ಷಮ್ಮನವರು.

"ಮನೇಲಲ್ಲಮ್ಮ, ಹಿತ್ತಿಲಲ್ಲಿ."

"ಹಿತ್ತಿಲು ಯಾರದ್ದು? ಪಕ್ಕದ್ಮನೆಯವರದ್ದಾ?"

"ಬಾಚೋಕೆ ಯಾರೂ ಬರಬೇಕಾಗಿಲ್ಲಮ್ಮ, ಅದೇ ಇದರ ಗುಣ. ಪಿಂಗಾಣಿ ಬೇಸಿನ್ನು, ಕೆಳಗೆ ಬಗ್ಗಿರೋ ಪೈಪು. ಆ ಬಾಗಿನಲ್ಲಿ ಯಾವಾಗ್ಲೂ ನೀರು ನಿಂತಿರತ್ತೆ, ನಾತ ಮೇಲೆ ಬರಲ್ಲ. ನೀರು ಹೊಯ್ದರೆ ಎಲ್ಲಾ ಹೋಗಿ ಸೆಪ್ಟಿಕ್ ಟ್ಯಾಂಕಿಗೆ ಬೀಳತ್ತೆ." ಅವರು ಕೈಗೆ ಸಿಕ್ಕ ಎರಡು ಬಟ್ಟಲು ಎಳೆದುಕೊಂಡರು. "ನೋಡು, ಇದು ಟ್ಯಾಂಕು. ಕಸ ಇದರಲ್ಲೇ ತಳ ಸೇರಿ ಕೊಳೆಯತ್ತೆ. ತಿಳಿ ಮಾತ್ರ ಈ ಕಡೆ ದಾಟಿ, ಈ ಇನ್ನೊಂದು ಗುಂಡಿಗೆ ಬಂದು, ಮಣ್ಣಲ್ಲಿ ಇಂಗಿಹೋಗತ್ತೆ."

"ಆ ಬಟ್ಟಲು ಅಲ್ಲೇ ಇಡು," ಎಂದರು ತಾಯಿ. "ಇನ್ಮೇಲೆ ಅದರಲ್ಲಿ ಸಾರು ಬಡಿಸಿದ್ರೆ ನಾನು ಉಣ್ಣಲ್ಲ."

ಎಲ್ಲರೂ ನಕ್ಕೆವು. ಕಲ್ಯಾಣಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅತ್ತೆ ಒಪ್ಪಿದರು. ಯಾರೂ ಒಳಗೆ ಬರಬೇಕಾಗಿಲ್ಲ ಎಂಬ ಒಂದೇ ಮಾತಿಗೆ ಒಪ್ಪಿದರು.

ಬೇಸಿನ್ನು ಹುಲ್ಲಿನಲ್ಲಿ ಸುತ್ತಿಕೊಂಡು ಜಟಕಾದಲ್ಲಿ ಬಂತು. ಅದರ ಜೊತೆಗೆ ಕಾಲಿಡುವ ಎರಡು ಕಲ್ಲು, ಪೈಪುಗಳು, ಗಾಳಿ ಹೋಗುವ ಕೊಳವೆಯ ತುದಿಗೆ ಹಾಕುವ ಬಲೆ. ಅಗೆಯುವುದಕ್ಕೆ ಕೇತಮಾರನಹಳ್ಳಿಯ ಮುನಿಯಪ್ಪ ಬಂದ. ಮೊದಲ ದಿನವೇ ಗುದ್ದಲಿ ಊರಿ ನಿಂತು, "ಇದು ನಮ್ಮ ಚಿಕ್ಕಪ್ಪನ ಹುರುಳಿ ಹೊಲ ಅಮ್ಮಾವ್ರೇ. ಇಲ್ಲಿ ನಾವು ಇಂಥದಕ್ಕೆ ಕೂತ್ಕೊಳ್ತಾ ಇದ್ದಿದ್ದೇ ಪುಕ್ಕಟೆ, ನೀವು ಕಾಸು ಕೊಟ್ಟು ಗುಂಡಿ ತೋಡಿಸ್ತೀರಿ," ಎಂದು ಹೇಳಿ ತಾನೇ ನಕ್ಕ. ಇಂಗುವ ಗುಂಡಿ ಹೆಚ್ಚು ಆಳವಾದ್ದರಿಂದ ಅದನ್ನೇ ಮೊದಲು ತೋಡಲು ಶುರುಮಾಡಿದ.

ಆ ದಿನಗಳಲ್ಲಿ ಕಲ್ಯಾಣಮ್ಮನ ಮುಖ ನೋಡಬೇಕಿತ್ತು. ಅಡುಗೆ ಮಾಡುತ್ತ ಮಾಡುತ್ತ ಹಿಂದಿನ ಬಾಗಿಲಿಗೆ ಬಂದು ಇಣುಕಿ ಹೋಗುವಳು. "ಇನ್ನೆಷ್ಟು ಆಗಬೇಕು ಮುನಿಯಪ್ಪ?" ಎಂದು ಕೇಳುವಳು. "ನಿಮ್ಮ ಅವಸರ ನೋಡಿದ್ರೆ ಈವತ್ತೇ ಇದರಾಗೆ ಹಾಸಿ ಮಲಗೋ ಹಂಗೈತಲ್ಲಮ್ಮಾವ್ರೇ," ಎಂದು ಗುಂಡಿಯೊಳಗಿನಿಂದ ಉತ್ತರ ಬರುವುದು. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, "ಮಜ್ಜಿಗೆ ಇದ್ಯೇನ್ರೀ?" ಎಂದಳು. ನಾನು ಕೊಟ್ಟೆ. ದೊಡ್ಡ ಲೋಟ, ಪೂರ್ತಿ ಕುಡಿದಳು. "ಇನ್ನೊಂದು ವಾರ ತಾನೇ," ಎಂದಳು.

ಅದು ಬೇಸಿಗೆಯ ನಡುಗಾಲ. ಬೀದಿ ನಲ್ಲಿಯಲ್ಲಿ ನೀರು ಬರುವುದೇ ಅಪರೂಪ; ಬಂದಾಗ ಕೊಡಗಳ ಸಾಲು, ಬೈಗುಳ, ಜುಟ್ಟು ಹಿಡಿಯುವುದು. ಅಂಥ ಒಂದು ಬೆಳಗ್ಗೆ, ನಾವೆಲ್ಲ ಖಾಲಿ ಕೊಡ ಇಟ್ಟುಕೊಂಡು ನಿಂತಿದ್ದಾಗ, ಕಲ್ಯಾಣಮ್ಮನ ಹಿತ್ತಿಲಿನಿಂದ ಮುನಿಯಪ್ಪನ ಕೂಗು ಕೇಳಿತು.

"ಗಂಗಮ್ಮ ಬಂದ್ಲು! ಅಮ್ಮಾವ್ರೇ, ಓಡ್ ಬನ್ನಿ, ಗಂಗಮ್ಮ ಬಂದ್ಲು!"

ನಾವು ಓಡಿದೆವು. ಗುಂಡಿಯ ತಳದಲ್ಲಿ ಒಂದು ಕಡೆ ಕಲ್ಲಿನ ಸಂದಿನಿಂದ ನೀರು ಜಿನುಗಿ, ನೋಡುತ್ತಿದ್ದಂತೆ ಮುನಿಯಪ್ಪನ ಪಾದ ಮುಚ್ಚಿತು. ಅವನು ಥಟ್ಟನೆ ಹಗ್ಗ ಹಿಡಿದು ಮೇಲೆ ಬಂದ. ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡ. "ಪೂಜೆ ಆಗೋಗಂಟ ನಾನು ಮತ್ತೆ ಕಾಲಿಡಾಕಿಲ್ಲ," ಎಂದು ದೂರ ಕುಕ್ಕರಿಸಿದ.

ಕಮಲಾಕ್ಷಮ್ಮನವರು ಮಡಿಯಲ್ಲಿದ್ದವರು ಹಾಗೇ ಬಂದರು. ಬಗ್ಗಿ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ಅದು ಸುಳ್ಳು ಅಳುವಲ್ಲ. ಅರಿಶಿನ, ಕುಂಕುಮ, ಹೂವು, ತೆಂಗಿನಕಾಯಿ ಬಂದವು. ಯಾರೋ ತಟ್ಟೆಯಲ್ಲಿ ಆರತಿ ಹಿಡಿದರು. ನನಗೂ ಮೈ ಜುಮ್ಮೆಂದಿತು. ಸುಡುವ ಬೇಸಿಗೆಯಲ್ಲಿ ನೆಲದೊಳಗಿನಿಂದ ತಣ್ಣಗಿನ ನೀರು ಕಾಣಿಸಿಕೊಂಡರೆ ಕೈ ತಾನಾಗಿ ಮುಗಿಯುತ್ತದೆ. ಆ ನೀರನ್ನು ಕೊಟ್ಟವಳು ತಾಯಿಯೇ, ಅದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ.

ಆದರೆ ಕಲ್ಯಾಣಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳು ನೀರನ್ನು ನೋಡುತ್ತಿರಲಿಲ್ಲ. ಗೋಡೆಗೆ ಒರಗಿಸಿಟ್ಟ ಬೇಸಿನ್ನನ್ನು ನೋಡುತ್ತಿದ್ದಳು.

ಚಕ್ರಪಾಣಿಯವರು ತಲೆ ಕೆರೆದುಕೊಂಡು, "ಅಮ್ಮಾ, ಇದು ಇಂಗುಗುಂಡಿಗೆ ಅಂತ ತೋಡಿಸಿದ್ದು..." ಎಂದರು.

"ಅದಕ್ಕೇ ನಾನು ಏನೂ ಹೇಳಲ್ಲಪ್ಪ," ಎಂದರು ಕಮಲಾಕ್ಷಮ್ಮನವರು. "ಅವಳಿಗೋಸ್ಕರ ತೋಡಿಸಿದ್ದು, ಅವಳೇ ಹೇಳ್ಲಿ." ಸೊಸೆಯ ಕಡೆ ತಿರುಗಿದರು. "ಕಲ್ಯಾಣೀ, ಇಲ್ಲಿ ಬಾಮ್ಮ. ಗಂಗೆ ತಾನಾಗಿ ನಿನ್ನ ಹಿತ್ತಿಲಿಗೆ ಬಂದಿದಾಳೆ. ನೀನೇ ಹೇಳು. ಇವಳ ಮೇಲೆ ಹೊಲಸು ಬಿಡಿಸ್ತೀಯಾ, ಕುಂಕುಮ ಇಡ್ತೀಯಾ?"

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ಮೆತ್ತಗೆ ಕೇಳಿದರು. ಬೀದಿಯ ಹೆಂಗಸರೆಲ್ಲ ಖಾಲಿ ಕೊಡ ಸೊಂಟಕ್ಕಿಟ್ಟು ಸುತ್ತ ನಿಂತಿದ್ದರು. ಎಲ್ಲರ ಬಾಯಿಯೂ ಒಣಗಿತ್ತು.

ಕಲ್ಯಾಣಮ್ಮ ಚೌಕಟ್ಟು ಬಿಟ್ಟು ಮುಂದೆ ಬಂದಳು. ಆಮೇಲೆ, "ಗಂಗೆ ಬಂದ್ಮೇಲೆ ಇನ್ನೇನು ಅತ್ತೆ," ಎಂದಳು.

ತಟ್ಟೆ ಅವಳ ಕೈಗೆ ಬಂತು. ಅವಳೇ ಕುಂಕುಮ ಹಾಕಿದಳು. ಹೆಂಗಸರು ಹಾಡಿದರು.

ಗುಂಡಿ ಬಾವಿಯಾಯಿತು. ಕಲ್ಲು ಕಟ್ಟಿದರು, ಮೇಲೆ ಕಟ್ಟೆ, ರಾಟೆ. ಮುನಿಯಪ್ಪನಿಗೆ ಪಂಚೆ, ವೀಳ್ಯ ಕೊಟ್ಟು ಕಳಿಸಿದರು. ಬೇಸಿನ್ನು ಅಟ್ಟ ಸೇರಿತು. ಕಕ್ಕಸನ್ನು ಇನ್ನೊಂದು ಮೂಲೆಯಲ್ಲಿ ಕಟ್ಟಿಸಬಹುದಲ್ಲ ಎಂದು ನಾನು ಒಂದು ದಿನ ಮೆಲ್ಲಗೆ ಕಮಲಾಕ್ಷಮ್ಮನವರ ಹತ್ತಿರ ಎತ್ತಿದೆ.

"ಇಷ್ಟಗಲ ಹಿತ್ತಿಲಲ್ಲಿ ಇನ್ನೊಂದು ಮೂಲೆ ಎಲ್ಲಿದೆಯಮ್ಮ?" ಎಂದರು. "ಅಲ್ಲಿ ಇಂಗಿದ್ದು ಇಲ್ಲಿ ಊರಲ್ವಾ? ನೀರು ಸೇದೋಕೆ ಬರ್ತೀಯಲ್ಲ, ಆಮೇಲೆ ನೀನೇ ಕುಡೀತೀಯಾ?"

ಆ ಮಾತು ಸುಳ್ಳಲ್ಲ. ಚಕ್ರಪಾಣಿಯವರು "ಮುಂದೆ ನೋಡೋಣ" ಎಂದರು. ಬೇಸಿಗೆ ಹೋಗಿ ಮಳೆ ಬಂತು, ಮತ್ತೆ ಬೇಸಿಗೆ ಬಂತು. ಮುಂದೆ ನೋಡುವುದು ಮುಂದಕ್ಕೇ ಹೋಯಿತು.

ಕಲ್ಯಾಣಮ್ಮನ ಹೆಸರು ಮಾತ್ರ ಸುತ್ತಮುತ್ತ ದೊಡ್ಡದಾಯಿತು. ಪುಣ್ಯವಂತೆ, ಅವಳ ಕಾಲ್ಗುಣ, ಕಕ್ಕಸಿಗೆ ತೋಡಿದರೂ ಗಂಗೆ ಬಂದಳು ಎಂದು ಊರೆಲ್ಲ ಹೇಳಿಕೊಂಡಿತು. ಬಾಣಂತಿಯರನ್ನು ಗಂಗೆ ಪೂಜೆಗೆ ಅವಳ ಬಾವಿಗೇ ಕರೆತರುತ್ತಿದ್ದರು. ಕಿವಿಗೆ ಹತ್ತಿ ತುರುಕಿಕೊಂಡು, ಸೀರೆಯನ್ನು ಬಿಗಿಯಾಗಿ ಸುತ್ತಿಕೊಂಡು, ತವರಿನವರ ತೋಳು ಹಿಡಿದು ಬರುವ ಎಳೆಯ ಹೆಂಗಸರು. ಮೊದಲ ಕುಂಕುಮ ಕಲ್ಯಾಣಮ್ಮನಿಗೆ. ಆಕೆ ಅವರನ್ನು ಹರಸಿ, ಬಾಗಿಲವರೆಗೆ ಹೋಗಿ, "ಭಾರ ಎತ್ತಬೇಡ ಕಣಮ್ಮ, ಯಾರು ಹೇಳಿದ್ರೂ ಎತ್ತಬೇಡ," ಎಂದು ಕಿವಿಯಲ್ಲಿ ಹೇಳಿ ಕಳಿಸುತ್ತಿದ್ದಳು. ತಾನು ಮಾತ್ರ ದಿನಾ ರಾಟೆ ಎಳೆಯುತ್ತಿದ್ದಳು. ಮನೆಗೆ ಬಾವಿ ಬಂದ ಮೇಲೆ ಸೇದುವವರು ಬೇಕಲ್ಲ.

ಬೆಳಗಿನ ಜಾವದ ನಡಿಗೆ ಇನ್ನೂ ದೂರವಾಯಿತು. ಬಯಲು ಹಿಂದೆ ಹಿಂದೆ ಹೋದಂತೆ ನಾವೂ ಅದರ ಹಿಂದೆ ಹೋದೆವು. ಒಂದೊಂದಾಗಿ ಉಳಿದ ಮನೆಗಳವರು ಕಕ್ಕಸು ಕಟ್ಟಿಸಿಕೊಂಡರು, ನಮ್ಮಲ್ಲೂ ಆಯಿತು. ನಾನು ಕರೆದೆ. "ನಮ್ಮ ಮನೆಗೆ ಬನ್ನಿ, ಹಿಂದಿನ ಬಾಗಿಲಿಂದ ಬನ್ನಿ, ಯಾರಿಗೂ ಕಾಣಲ್ಲ," ಎಂದೆ. ಆಕೆ ಒಂದೆರಡು ಸಲ ಬಂದಳು. ಅದು ಕಮಲಾಕ್ಷಮ್ಮನವರ ಕಿವಿಗೆ ಬಿತ್ತು. "ಕಂಡೋರ ಮನೆಗೆ ಅದಕ್ಕೂ ಹೋಗ್ಬೇಕೇನೆ? ನಮಗೆ ಗತಿ ಇಲ್ಲ ಅಂತ ಡಂಗುರ ಹೊಡೆಸ್ತೀಯಾ?" ಎಂದರಂತೆ. ಅಲ್ಲಿಗೆ ನಿಂತಿತು.

ಉರಿಮೂತ್ರ ಶುರುವಾಯಿತು. ಚಳಿಜ್ವರ ಬಂದು ಹಾಸಿಗೆ ಹಿಡಿದಾಗ ನಾನೇ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಎಲ್ಲ ನೋಡಿ, "ತಡೆದಿಟ್ಕೋಬಾರ್ದಮ್ಮ. ಚೆನ್ನಾಗಿ ನೀರು ಕುಡೀಬೇಕು. ಹೀಗೇ ಮಾಡಿದ್ರೆ ಒಳಗೆಲ್ಲಾ ಹಾಳಾಗತ್ತೆ," ಎಂದರು. ಮನೆಗೆ ಬಂದು ಹೇಳಿದಾಗ ಕಮಲಾಕ್ಷಮ್ಮನವರು ಕೆನ್ನೆಗೆ ಕೈಯಿಟ್ಟುಕೊಂಡರು.

"ಬಾವಿ ಇರೋ ಮನೇಲಿದ್ದು ನೀರು ಕುಡಿಯಲ್ಲ ಅಂದ್ರೆ ಕೇಳಿದವರು ನಗ್ತಾರೆ ಕಣೇ. ನಾನೇನು ಲೋಟ ಕಿತ್ಕೊಂಡಿದೀನಾ?"

ಇಲ್ಲ, ಅವರು ಕಿತ್ತುಕೊಂಡಿರಲಿಲ್ಲ. ತಮ್ಮ ಕೈಯಾರೆ ಜೀರಿಗೆ ನೀರು ಕಾಯಿಸಿ ತಂದು ಹಾಸಿಗೆಯ ಪಕ್ಕ ಇಟ್ಟರು. ಸೊಸೆ ಕುಡಿಯುವುದನ್ನೇ ನೋಡುತ್ತ ನಿಂತರು. ಕಲ್ಯಾಣಮ್ಮ ಒಂದು ಗುಟುಕು ಕುಡಿದು ಕಿಟಕಿಯಾಚೆ ಹೊತ್ತೆಷ್ಟು ಎಂದು ನೋಡಿದಳು. ಕತ್ತಲಾಗುವುದಕ್ಕೆ ಇನ್ನೂ ಬಹಳ ಹೊತ್ತಿತ್ತು.

ಹೀಗೇ ವರ್ಷಗಳು ಹೋದವು. ಒಂದು ದಿನ ಚಕ್ರಪಾಣಿಯವರು ಕಾರ್ಖಾನೆಯಿಂದ ಸೈಕಲ್ಲಿನಲ್ಲಿ ಬರುವಾಗ ಲಾರಿಗೆ ದಾರಿ ಬಿಡಲು ಹೋಗಿ ಹಳ್ಳಕ್ಕೆ ಬಿದ್ದರು. ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಕಾಲಿಗೆಲ್ಲ ಪಟ್ಟಿ ಹಾಕಿಸಿಕೊಂಡು ಬಂದು ಮಂಚ ಹಿಡಿದರು. ಮೊದಲು ಎಲ್ಲಕ್ಕೂ ಪಾತ್ರೆ. ಕಲ್ಯಾಣಮ್ಮನೇ ಹಿಡಿದು, ಕತ್ತಲಲ್ಲಿ ಹೊತ್ತು, ದೂರ ಚೆಲ್ಲಿ ಬರುತ್ತಿದ್ದಳು. ಆಮೇಲೆ ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾದರು. ಆಫೀಸಿನವರು ನೋಡಲು ಬಂದಾಗ ಮಂಚದ ಕೆಳಗೆ ಪಾತ್ರೆ ಇರುವುದು ಅವರಿಗೆ ಸಾಯುವಷ್ಟು ನಾಚಿಕೆ. ಒಂದು ದಿನ ತಾಯಿಯ ಮುಂದೆ ಅತ್ತುಬಿಟ್ಟರು.

ಮರುದಿನ ಕಮಲಾಕ್ಷಮ್ಮನವರೇ ಮುನಿಯಪ್ಪನಿಗೆ ಹೇಳಿಕಳಿಸಿದರು. ಅವನಿಗೂ ಈಗ ತಲೆ ನರೆತಿತ್ತು. ಹಿತ್ತಿಲು ನೋಡಿ ಹಿಂಜರಿದ.

"ಬಾವಿ ಪಕ್ಕದಾಗೇ ಆಯ್ತದಲ್ಲಮ್ಮಾವ್ರೇ. ಅವತ್ತು ನೀವೇ ಬ್ಯಾಡ ಅಂದ್ರಿ. ಗಂಗಮ್ಮ ಮುನಿಸ್ಕೊಂಡ್ರೆ?"

"ಗಂಗೆ ತಾಯಿ ಕಣಯ್ಯಾ," ಎಂದರು ಕಮಲಾಕ್ಷಮ್ಮನವರು. "ಮಗನ ಕಷ್ಟ ತಾಯಿಗೆ ಗೊತ್ತಾಗಲ್ವಾ? ನೀನು ತೋಡು."

ಆ ಮಾತು ಕೇಳಿದಾಗ ಕಲ್ಯಾಣಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದಳು. ನಾನು ಎದುರಿಗೆ ಕೂತಿದ್ದೆ. ಅವಳ ಕೈ ನಿಲ್ಲಲಿಲ್ಲ. ಕಲ್ಲು ಯಾವುದು, ಅಕ್ಕಿ ಯಾವುದು ನೋಡದೆ ಬೆರಳು ಹಾಗೇ ಆಡುತ್ತಿತ್ತು.

ವಾರದೊಳಗೆ ಎಲ್ಲ ಮುಗಿಯಿತು. ಇನ್ನೊಂದು ಮೂಲೆ ಇರಲಿಲ್ಲವೆಂದಿದ್ದರಲ್ಲ, ಅದು ಸಿಕ್ಕಿತು. ಟ್ಯಾಂಕಿಗೆ ಇಟ್ಟಿಗೆ ಕಟ್ಟಿ ನಡುವೆ ಅಡ್ಡಗೋಡೆ ಎಬ್ಬಿಸಿದರು, ಒಳಗೆಲ್ಲ ಸಿಮೆಂಟು ಬಳಿದರು, ಮೇಲೆ ಚಪ್ಪಡಿ ಹಾಸಿದರು. ಇಂಗುವ ಗುಂಡಿಗೆ ಇಟ್ಟಿಗೆ ಚೂರು, ಜಲ್ಲಿ ತುಂಬಿದರು. ಅಟ್ಟದಿಂದ ಬೇಸಿನ್ನು ಇಳಿಸಿ ಕೂರಿಸಿದರು. ಚಕ್ರಪಾಣಿಯವರು ಕಾಲು ಮಡಿಸುವಂತಿರಲಿಲ್ಲವಾದ್ದರಿಂದ ಬಡಗಿ ಅದರ ಮೇಲೆ ನಡುವೆ ತೂತಿರುವ ಒಂದು ಕುರ್ಚಿ ಮಾಡಿಕೊಟ್ಟ. ಬಾವಿಯ ನೀರು ಇನ್ನು ಕುಡಿಯುವುದಕ್ಕೆ ಬೇಡವೆಂದಾಯಿತು. ಅದರಿಂದ ಯಾರಿಗೂ ಕಷ್ಟವಾಗಲಿಲ್ಲ. ಅಷ್ಟರಲ್ಲಿ ಮನೆಮನೆಗೂ ನಲ್ಲಿ ಬಂದಿತ್ತು. ಬಾಣಂತಿಯರನ್ನು ಬೇರೆ ಬಾವಿಗೆ ಕರೆದೊಯ್ದರು. ಒಬ್ಬರಾದರೂ ಬಂದು ಗಂಗೆಗೆ ಹೀಗೆ ಮಾಡಬಹುದೇ ಎಂದು ಕೇಳಲಿಲ್ಲ.

ಕಲ್ಯಾಣಮ್ಮನಿಗೂ ಅದೇ ಕಕ್ಕಸು ಸಿಕ್ಕಿತಲ್ಲ, ಇನ್ನೇನು ಎಂದು ನಾನು ಅಂದುಕೊಂಡೆ. ಆದರೆ ಒಂದು ದಿನ ಕಮಲಾಕ್ಷಮ್ಮನವರು ನನ್ನ ಮುಂದೆಯೇ ಸೊಸೆಗೆ ಹೇಳಿದರು. "ಅವನ ಕಾಲು ಒಂದು ಸರಿಹೋಗ್ಲಿ. ಅದನ್ನ ಮುಚ್ಚಿಸಿ, ಬಾವಿಗೆ ಶಾಂತಿ ಮಾಡಿಸಿಬಿಡೋಣ. ಆಪತ್ಕಾಲಕ್ಕೆ ಅಂತ ತಾಯಿ ಸಹಿಸ್ಕೊಂಡಿದಾಳೆ." ಮಗನ ಕಾಲಿಗಾಗಿ ನಮ್ಮ ಬೀದಿಯಾಚೆ ಬಂಡೆಯ ಪಕ್ಕದ ಗುಡಿಯ ಆಂಜನೇಯನಿಗೆ ಹರಕೆಯನ್ನೂ ಹೊತ್ತಿದ್ದರು. ಅವರಿಗೆ ನಡೆಯಲಾಗದು, ಪ್ರದಕ್ಷಿಣೆ ಹಾಕಬೇಕಾದವಳು ಸೊಸೆ.

ದಿನಾ ಬೆಳಗ್ಗೆ ಕಲ್ಯಾಣಮ್ಮ ಒದ್ದೆ ಸೀರೆಯಲ್ಲಿ ಗುಡಿಗೆ ಬರುತ್ತಿದ್ದಳು. ನಾನೂ ಅದೇ ಹೊತ್ತಿಗೆ ಹೋಗುತ್ತಿದ್ದೆ. ಅವಳು ಸುತ್ತು ಬರುತ್ತಿದ್ದಳು, ತುಟಿ ಮಾತ್ರ ಅಲ್ಲಾಡುತ್ತಿರಲಿಲ್ಲ. ಒಂದು ದಿನ ಸುತ್ತು ಮುಗಿಸಿ ಬಂದು ನನ್ನ ಪಕ್ಕ ಕಲ್ಲಿನ ಮೇಲೆ ಕೂತಳು.

"ನಂಗೆ ಬಾಯಿ ಬರಲ್ಲ ರೀ," ಎಂದಳು.

"ಏನಾಯ್ತು?"

"ಅವರ ಕಾಲು ಬೇಗ ವಾಸಿಯಾಗ್ಲಿ ಅಂತ ಕೇಳ್ಕೋಬೇಕು ಅಂತ ಬರ್ತೀನಿ. ಗರ್ಭಗುಡಿ ಮುಂದೆ ನಿಂತ್ರೆ ಆ ಮಾತು ಏಳಲ್ಲ. ಇವತ್ತು ಬೆಳಗ್ಗೆ ಒಂದು ಚೊಂಬು ನೀರು ಕುಡಿದೆ, ಗೊತ್ತಾ? ಪೂರ್ತಿ ಒಂದು ಚೊಂಬು. ಇನ್ನು ಸ್ವಲ್ಪ ದಿನ ಹೀಗೇ ಇರ್ಲಿ ಅನ್ಸತ್ತೆ. ಹೀಗೇ ಅಂದ್ರೆ... ಅವರು ಹೀಗೇ." ಅವಳು ಮುಖ ತಿರುಗಿಸಿಕೊಂಡಳು. "ಯಾವ ಹೆಂಡತಿಗಾದ್ರೂ ಹೀಗನ್ಸತ್ತಾ?"

"ಆಂಜನೇಯನಿಗೆ ಎಲ್ಲಾ ಗೊತ್ತಿರತ್ತೆ ಕಲ್ಯಾಣಮ್ಮ," ಎಂದೆ.

"ಗೊತ್ತಿರತ್ತೆ. ಅದಕ್ಕೇ ಭಯ."

ಚಕ್ರಪಾಣಿಯವರ ಕಾಲು ಕೂಡಿತು. ಸ್ವಲ್ಪ ಕುಂಟು ಉಳಿಯಿತು, ಅಷ್ಟೇ. ಪಟ್ಟಿ ಬಿಚ್ಚಿದ ದಿನ ಕಲ್ಯಾಣಮ್ಮ ಪಾಯಸ ಮಾಡಿ ನಮಗೂ ಕಳಿಸಿದಳು. ಕಮಲಾಕ್ಷಮ್ಮನವರು ಕಕ್ಕಸು ಮುಚ್ಚಿಸುವ ಮಾತೆತ್ತಿದರು. ಮಗ ಪೇಪರಿನಿಂದ ಕಣ್ಣು ತೆಗೆಯದೆ, "ಇರ್ಲಿ ಬಿಡಮ್ಮ, ನಂಗೆ ಅಭ್ಯಾಸ ಆಗ್ಹೋಗಿದೆ," ಎಂದರು. ತಾಯಿ ಮತ್ತೆ ಆ ಮಾತಾಡಲಿಲ್ಲ. ಹೀಗೆ ಅದು ಉಳಿಯಿತು. ಕಲ್ಯಾಣಮ್ಮ ಕೇಳಿದಾಗ ಆಗದ್ದು, ಅವಳ ಜ್ವರಕ್ಕೆ ಆಗದ್ದು, ಗಂಡನ ಅಭ್ಯಾಸಕ್ಕೆ ಆಯಿತು.

ಇದನ್ನು ನನಗೆ ಹೇಳಿದಾಗ ಆಕೆಯ ಮುಖದಲ್ಲಿ ಗೆಲುವು ಹುಡುಕಿದೆ. ಇರಲಿಲ್ಲ. ಅವಳ ಪಾದಗಳು ಊದಿಕೊಂಡಿದ್ದವು. ಮೂತ್ರಪಿಂಡ ಆಗಲೇ ಕೆಟ್ಟಿತ್ತೆಂದು ಡಾಕ್ಟರು ಹೇಳಿದ್ದರು. ಈಗ ಎಷ್ಟು ನೀರು ಬೇಕಾದರೂ ಕುಡಿಯಬಹುದಾಗಿದ್ದ ಮನೆಯಲ್ಲಿ ನೀರನ್ನು ಅಳತೆ ಮಾಡಿ ಕುಡಿಯಬೇಕೆಂದು ಹೇಳಿದ್ದರು. ಆದರೆ ಆಕೆಯನ್ನು ತಿನ್ನುತ್ತಿದ್ದದ್ದು ಅದಲ್ಲ.

"ಅಷ್ಟು ದಿನ ಸುತ್ತು ಹಾಕಿದ್ನಲ್ಲ," ಎಂದಳು. "ವಾಸಿಯಾಗೋದು ಬೇಡ ಅಂತ ಮನಸ್ಸಲ್ಲಿಟ್ಕೊಂಡು ಹಾಕಿದ್ದು. ಅದು ಯಾವ ಲೆಕ್ಕಕ್ಕೆ ಹೋಗತ್ತೆ ರೀ?"

 

ಕಲ್ಯಾಣಮ್ಮ ಮತ್ತೆ ಆ ಗುಡಿಗೆ ಬರಲಿಲ್ಲ. ಕಾಲು ಊದಿದೆ, ಮೆಟ್ಟಿಲು ಹತ್ತಲಾಗದು ಎಂದು ಮನೆಯವರಿಗೆ ಹೇಳಿದಳು, ಎಲ್ಲರೂ ನಂಬಿದರು. ಶನಿವಾರ ನಾನು ಅವರ ಮನೆಯ ಮುಂದೆ ಹಾಯುವಾಗ ಗೇಟಿನ ಒಳಗೇ ನಿಂತು ಎಣ್ಣೆಯ ಗಿಂಡಿ ಚಾಚುವಳು. "ನೀವೇ ಹಚ್ಚಿಬಿಡಿ," ಎನ್ನುವಳು. ನಾನು ತೆಗೆದುಕೊಂಡು ಹೋಗುತ್ತೇನೆ. ದೀಪ ಯಾರ ಹೆಸರಲ್ಲಿ ಎಂದು ಅರ್ಚಕರು ಕೇಳಿದರೆ ಅವಳ ಹೆಸರು ಹೇಳುತ್ತೇನೆ. ಏನು ಬೇಡಿಕೆ ಎಂದು ಕೇಳಿದರೆ ಗಿಂಡಿಯಲ್ಲಿ ಉಳಿದ ಎಣ್ಣೆಯನ್ನೂ ದೀಪಕ್ಕೆ ಬಗ್ಗಿಸುತ್ತೇನೆ.